ಹಾಕೇ ಇದೆ!

ಟೈಲರ್ ಬೆಳಗಿನಿಂದ ಮನೆಯ ಅಳತೆ ತೆಗೆದುಕೊಳ್ಳುತ್ತಿದ್ದರು. ಮನೆಯವರ ಅಳತೆಯಲ್ಲ, ಮನೆಯದೇ ಅಳತೆ. ಕೊರಳಲ್ಲಿದ್ದ ಟೇಪನ್ನು ಬಾಗಿಲ ಚೌಕಟ್ಟಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, "ಭುಜ ಸ್ವಲ್ಪ ಅಗಲ" ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಕಿಟಕಿಯ ಹತ್ತಿರ ಬಗ್ಗಿ "ಸೊಂಟ" ಎಂದರು. ವರ್ಷದ ಕೊನೆಯ ರಜೆ ಶುರುವಾಗುವ ದಿನ ಬೀದಿಯ ಮನೆಗಳೆಲ್ಲ ಸಂಜೆಗೆ ದೀಪ ಹಾಕಿಕೊಳ್ಳುತ್ತವೆ. ಉಳಿದವರು ಮನೆಗೆ ದೀಪ ಕಟ್ಟುತ್ತಾರೆ. ಟೈಲರ್ ಹೊಲಿಯುತ್ತಾರೆ.

"ಏನ್ರೀ, ಈ ಸಲ ಫುಲ್ ಸೂಟೋ, ಬರೀ ವೇಸ್ಟ್‌ಕೋಟೋ?" ಎದುರುಮನೆಯ ಬೇಕರಿಯವರು ತಮ್ಮ ಮಹಡಿಯಿಂದಲೇ ಕೂಗಿದರು. ಅವರ ಮನೆಗೆ ಆಗಲೇ ಕೆಂಪು ದೀಪದ ಸರ ಸುತ್ತಿಯಾಗಿತ್ತು, ಪೊಟ್ಟಣಕ್ಕೆ ದಾರ ಸುತ್ತಿದ ಹಾಗೆ.

"ಸಂಜೆ ಬನ್ನಿ ಸ್ವಾಮಿ. ನಮ್ಮನೆ ಪಕ್ಕ ನಿಮ್ಮನೆ ಬನಿಯನ್ನಲ್ಲಿ ನಿಂತಂಗೆ ಕಾಣ್ಬೇಕು."

ಹೀಗೆ ಜೋರಾಗಿ ಮಾತಾಡಿದ ಟೈಲರ್ ಒಮ್ಮೆ ಅಡುಗೆಮನೆಯ ಕಡೆ ನೋಡಿ ದನಿ ತಗ್ಗಿಸಿದರು. ಅವರ ಉತ್ಸಾಹ ಈ ವರ್ಷ ಜಾಮೀನಿನ ಮೇಲೆ ಹೊರಗಿತ್ತು.

ಕಾರಣ ಕಳೆದ ವರ್ಷದ್ದು. ಮನೆಯ ಮುಂದಿನ ಕೋಣೆಯೇ ಅವರ ಅಂಗಡಿ. ಅಲ್ಲಿದ್ದ ಒಂದೇ ಒಂದು ಎಕ್ಸ್‌ಟೆನ್ಷನ್ ಬಾಕ್ಸಿಗೆ ಅವರು ಎಲ್ಲ ಸೀರಿಯಲ್ ಸೆಟ್ಟುಗಳನ್ನೂ ಚುಚ್ಚಿ, ಜಾಗ ಉಳಿದಿದೆಯಲ್ಲ ಎಂದು ಹೊಲಿಗೆ ಯಂತ್ರದ ಮೋಟರನ್ನೂ ಇಸ್ತ್ರಿಪೆಟ್ಟಿಗೆಯನ್ನೂ ಸೇರಿಸಿದ್ದರು. ಬಾಕ್ಸು ಮೊದಲು ಬಿಸಿಯಾಯಿತು, ಆಮೇಲೆ ಮೆತ್ತಗಾಯಿತು, ಆಮೇಲೆ ತಾನು ಬಾಕ್ಸು ಎಂಬುದನ್ನೇ ಮರೆಯಿತು. ಪಕ್ಕದಲ್ಲಿ ನೇತು ಹಾಕಿದ್ದ ಮದುಮಗನ ಕೋಟು ಒಂದು ತೋಳು ಕಳೆದುಕೊಂಡಿತು. ಟೈಲರ್ ಒಳಗೆ ಗೋಣಿ ಬಡಿದು ಬೆಂಕಿ ಆರಿಸುತ್ತಿದ್ದಾಗ ಮದುಮಗ ಟ್ರಯಲ್ ನೋಡಲು ಬಂದ. ಬಾಗಿಲಲ್ಲಿ ನಿಂತು ಅವನಿಗೆ ಉತ್ತರ ಹೇಳಬೇಕಾಗಿ ಬಂದದ್ದು ಯಜಮಾನಿಗೆ. ಏನು ಹೇಳಿದರೋ ಯಾರಿಗೂ ಗೊತ್ತಿಲ್ಲ. ಮದುಮಗ ಹೋದ ಮೇಲೆ ಅವರು ಗಂಡನಿಗೆ ಹೇಳಿದ್ದು ಮಾತ್ರ ಬೀದಿಗೆಲ್ಲ ಗೊತ್ತು.

"ಇನ್ನೊಂದೇ ಒಂದು ಸಲ. ಬರೋ ವರ್ಷ ಒಂದು ಕಿಡಿ ಹಾರಲಿ, ಒಂದು ಸುಟ್ಟ ವಾಸನೆ ಬರಲಿ, ಯಾರಿಗಾದ್ರೂ ಬೆರಳು ಜುಮ್ ಅನ್ನಲಿ, ಅಲ್ಲಿಗೆ ಮುಗೀತು. ಆಮೇಲೆ ಈ ಮನೆಗೆ ದೀಪ ಇಲ್ಲ. ಕಾಗದದ ಹೂವು ಅಂಟಿಸ್ಕೊಂಡು ಕೂತ್ಕೊಳಿ."

"ಒಂದು ಸಣ್ಣ ಮಿಣಿಮಿಣಿನೂ?"

"ಬೆಂಕಿಕಡ್ಡಿನೂ."

ಬೇರೆಯವರಿಗೆ ಇದು ಸಣ್ಣ ವಿಷಯ. ಆದರೆ ಟೈಲರ್ ವರ್ಷಪೂರ್ತಿ ಗೋಡೆಗೆ ಮುಖ ಮಾಡಿ ಕೂತು ಕಂಡವರ ಮೈಗೆ ಹೊಲಿಯುವ ಮನುಷ್ಯ. ಕೋಟು ಚೆನ್ನಾಗಿ ಕೂತರೆ ಜನ ಕೋಟಿನೊಳಗಿನವನನ್ನು ಹೊಗಳುತ್ತಾರೆ. ಕೂರದಿದ್ದರೆ ಮಾತ್ರ ಟೈಲರ್ ನೆನಪಾಗುತ್ತಾನೆ. ವರ್ಷಕ್ಕೆ ಈ ಒಂದು ಸಂಜೆ ಬೀದಿಗೆ ಬೀದಿಯೇ ತಲೆಯೆತ್ತಿ ನಿಂತು, ಹೊಲಿದವರ ಹೆಸರು ಹಿಡಿದು, ಅವರ ಕೆಲಸವನ್ನು ನೋಡುತ್ತಿತ್ತು. ಅದೊಂದು ಹೋದರೆ ಉಳಿಯುವುದು ಗೋಡೆ.

ಆದ್ದರಿಂದಲೇ ಈ ಸಲ ಅವರು ಮಗಳ ಎಲ್ಲ ಮಾತಿಗೂ ತಲೆಯಾಡಿಸುತ್ತಿದ್ದರು. ಮಗಳ ಕೆಲಸ ಆಂಬ್ಯುಲೆನ್ಸ್ ಕಚೇರಿಯಲ್ಲಿ, ಬರುವ ಫೋನು ಎತ್ತಿಕೊಳ್ಳುವುದು. ಗಂಡನನ್ನು ಕರೆದುಕೊಂಡು ಬೆಳಿಗ್ಗೆಯೇ ಬಂದಿಳಿದವಳು ಚೀಲ ಕೆಳಗಿಡುವ ಮೊದಲೇ ಶುರು ಮಾಡಿದ್ದಳು.

"ಅಪ್ಪ, ರಜೆ ಬಂದ್ರೆ ನಮ್ಮ ಫೋನಿಗೆ ಎರಡೇ ಥರ ಜನ. ಏಣಿಯಿಂದ ಬಿದ್ದೋರು, ಇಲ್ಲಾ ಕರೆಂಟ್ ಹೊಡೆಸ್ಕೊಂಡೋರು. ಎಲ್ಲರೂ ಶುರು ಮಾಡೋದು ಒಂದೇ ಮಾತಿಂದ, 'ಏನಿಲ್ಲ, ಒಂದು ಸಣ್ಣ ಬಲ್ಬ್ ಸರಿ ಮಾಡೋಣ ಅಂತ...' ನಿನ್ನ ಬಾಯಲ್ಲಿ ಆ ಮಾತು ನಾನು ಕೇಳ್ಬಾರದು."

ಹಿಂದಿನ ವಾರವೇ ಅವಳು ಎಲೆಕ್ಟ್ರಿಷಿಯನ್ ಒಬ್ಬನನ್ನು ಕಳಿಸಿ ಬೋರ್ಡಿಗೆ ಟ್ರಿಪ್ಪರ್ ಹಾಕಿಸಿದ್ದಳು. ಕರೆಂಟು ದಾರಿ ತಪ್ಪಿ ಯಾರ ಮೈಗೋ ಗೋಡೆಗೋ ಇಳಿಯಹೊರಟರೆ ಕಣ್ಣು ಮಿಟುಕಿಸುವುದರೊಳಗೆ ತಾನೇ ಬೀಳುವ ಸ್ವಿಚ್ಚು ಅದು. "ನನ್ನ ಮೇಲೆ ಪೊಲೀಸ್ ಇಟ್ಟಂಗಾಯ್ತು" ಎಂದು ಟೈಲರ್ ಬೇಸರಪಟ್ಟುಕೊಂಡಿದ್ದರು. ಈಗ ಅವಳು ಅಟ್ಟದ ಡಬ್ಬ ಕೆಳಗಿಳಿಸಿ, ಹಳೆಯ ಸೀರಿಯಲ್ ಸೆಟ್ಟುಗಳನ್ನು ಒಂದೊಂದಾಗಿ ಬೆರಳ ನಡುವೆ ಎಳೆದು ನೋಡತೊಡಗಿದಳು.

"ಇದೇನಪ್ಪ ಇಲ್ಲಿ ಸುತ್ತಿರೋದು?"

"ಲೈನಿಂಗ್ ಬಟ್ಟೆ. ಪ್ಯೂರ್ ಕಾಟನ್ನು."

"ಬರೀ ವೈರಿನ ಮೇಲೆ ಲೈನಿಂಗ್ ಬಟ್ಟೆ ಸುತ್ತಿದ್ಯಾ?"

"ಸುಮ್ನೆ ಸುತ್ತಿಲ್ಲ ಕಣೇ. ಹೆಮ್ಮಿಂಗ್ ಮಾಡಿದೀನಿ ನೋಡು."

ಹೌದು, ಮಾಡಿದ್ದರು. ಹೊಲಿಗೆ ಕಾಣದಷ್ಟು ನಾಜೂಕಾಗಿ. ಮಗಳು ಒಂದು ಕ್ಷಣ ಅದನ್ನು ಮೆಚ್ಚಿ, ಕಸದ ಬುಟ್ಟಿಗೆ ಹಾಕಿದಳು. ಅದರ ಹಿಂದೆಯೇ ಹಲ್ಲು ಕಿತ್ತ ಪ್ಲಗ್ಗಿನದು, ಇಲಿ ರುಚಿ ನೋಡಿದ್ದು, ಪ್ಲಗ್ಗೇ ಇಲ್ಲದೆ ಎರಡು ತಂತಿ ನಾಲಿಗೆ ಚಾಚಿದ್ದು, ಎಲ್ಲವೂ ಹೋದವು. ಟೈಲರ್ ಬುಟ್ಟಿಯ ಪಕ್ಕ ನಿಂತು ಒಂದೊಂದನ್ನೂ ಬೀಳ್ಕೊಟ್ಟರು. ಅವುಗಳ ಬದಲು ಮಗಳು ತಂದಿದ್ದು ಹೊರಗೆ ಹಾಕಲೆಂದೇ ಮಾಡಿದ ಹೊಸ ಸೆಟ್ಟುಗಳು. ಪ್ರತಿಯೊಂದನ್ನೂ ನೆಲದ ಮೇಲೆ ಹರಡಿ ಉರಿಸಿ ನೋಡಿದಳು. ಎಲ್ಲವನ್ನೂ ಒಂದೇ ತೂತಿಗೆ ಚುಚ್ಚುವಂತಿಲ್ಲ. ಇಸ್ತ್ರಿಗೆ ಇವತ್ತು ರಜೆ. ಕಬ್ಬಿಣದ ಏಣಿ ಹಿತ್ತಿಲಿಗೆ. ಬೇಕರಿಯವರಿಂದ ಮರದ ಏಣಿ ಬಂತು.

"ಮತ್ತೆ, ಕಟ್ಟೋದು ದಾರದಲ್ಲಿ. ಮೊಳೆ ಹೊಡೆಯೋ ಹಾಗಿಲ್ಲ, ಸ್ಟೇಪ್ಲರ್ ಇಲ್ಲ, ಪಿನ್ನು ಇಲ್ಲ. ಕೇಳ್ತಾ ಇದೀಯಾಮ್ಮ?"

"ನಂಗ್ಯಾಕೆ ಹೇಳ್ತೀಯ?" ಒಳಗಿನಿಂದ ಯಜಮಾನಿಯ ದನಿ ಬಂತು. "ನಿಮ್ಮಪ್ಪಂಗೆ ಹೇಳು. ನಾನೇನು ದೀಪ ಕಟ್ತೀನಾ?"

ಟೈಲರ್ ಪಿನ್ನಿನ ಡಬ್ಬಿಯನ್ನು ತಾವೇ ಬೀರುವಿನಲ್ಲಿಟ್ಟು ಬೀಗ ಹಾಕಿದರು. ಅಷ್ಟು ವಿಧೇಯತೆ ಅವರ ಮದುವೆಯಲ್ಲೂ ಕಂಡಿರಲಿಲ್ಲ.

ಈ ವರ್ಷದ ವಿಶೇಷ ಒಂದು ಜರಿ ಪರದೆ. ಯಾರ್‍ಯಾರದೋ ರವಿಕೆ, ಶೆರವಾನಿಗಳ ಉಳಿಕೆ ತುಂಡುಗಳನ್ನು ಕೂಡಿಸಿ, ಬಾಗಿಲ ಮುಂದೆ ಇಳಿಬಿಡಲು ಅವರು ತಿಂಗಳುಗಟ್ಟಲೆ ಕದ್ದುಮುಚ್ಚಿ ಹೊಲಿದಿದ್ದರು. ಲೋಹದ ಎಳೆಯ ಅಸಲಿ ಜರಿ. ಹಿಂದಿನಿಂದ ದೀಪ ಬಿದ್ದರೆ ಮನೆಗೆ ಚಿನ್ನದ ಎದೆಪಟ್ಟಿ ತೊಡಿಸಿದ ಹಾಗೆ ಕಾಣಬೇಕು. ಬಾಗಿಲ ಮೇಲೆ ಮರದ ಕೋಲು ಕಟ್ಟಿ, ಅದಕ್ಕೆ ಬಟ್ಟೆಯ ಕುಣಿಕೆಗಳಲ್ಲಿ ಪರದೆ ತೂಗಿಬಿಟ್ಟು, ಹಿಂದೆ ದೀಪದ ಸರವನ್ನು ದಾರದಿಂದ ಕಟ್ಟಿ, ಮಧ್ಯಾಹ್ನದ ಹೊತ್ತಿಗೆ ಕೆಳಗಿಳಿದರು. ಮಗಳು ಏಣಿಯ ಬುಡ ಹಿಡಿದು ನಿಂತಿದ್ದಳು. ಅವಳ ಮುಖದಲ್ಲೂ ಆಗಲೇ ನಗು ಒಡೆಯುತ್ತಿತ್ತು.

"ಚೆನ್ನಾಗಿದೆಯಪ್ಪ."

"ಸಂಜೆ ನೋಡು."

ಇನ್ನು ಅಳಿಯ. ಮದುವೆಯಾದ ಮೇಲೆ ಅವನು ಮಾವನ ಮನೆಗೆ ಬಂದದ್ದು ಇದು ಎರಡನೆಯ ಸಲವೋ ಏನೋ. ಈ ಮನೆಯಲ್ಲಿ ಅವನ ಕಿವಿಗೆ ಬಿದ್ದ ಕ್ರಿಯಾಪದ ಒಂದೇ: ಕೂತ್ಕೊಳಿ. ಚೀಲ ಎತ್ತಲು ಹೋದರೆ "ಕೂತ್ಕೊಳಿ ಅಳಿಯಂದಿರೇ", ಲೋಟ ತೊಳೆಯಲು ಹೋದರೆ "ಅಯ್ಯೋ, ಕೂತ್ಕೊಳಿ". ಏಣಿ ಮುಟ್ಟಿದಾಗಲಂತೂ ಅತ್ತೆ ಕುರ್ಚಿಯನ್ನೇ ಎತ್ತಿಕೊಂಡು ಬಂದರು. ಕೂತು ಕೂತು ಅವನ ಮುಖ ಬಸ್ ನಿಲ್ದಾಣದಲ್ಲಿ ಕಾಯುವವರ ಮುಖದಂತಾಗಿತ್ತು. ಆದ್ದರಿಂದ ಸಂಜೆ, "ಸ್ವಿಚ್ಚಿನ ಹತ್ರ ಒಬ್ರು ನಿಲ್ಬೇಕು, ಅಳಿಯಂದಿರೇ ನಿಲ್ಲಲಿ" ಎಂದು ಟೈಲರ್ ಹೇಳಿದಾಗ ಅವನು ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

ಬೋರ್ಡು ಇದ್ದದ್ದು ಅಂಗಡಿಯ ಒಳಮೂಲೆಯಲ್ಲಿ, ಟ್ರಯಲ್ ರೂಮಿನ ಕನ್ನಡಿಯ ಹಿಂದೆ. ಅಲ್ಲಿಂದ ಬೀದಿ ಕಾಣುವುದಿಲ್ಲ, ಬಾಗಿಲೂ ಕಾಣುವುದಿಲ್ಲ. ಮಾತು ಮಾತ್ರ ಕೇಳುತ್ತದೆ. "ನೀವು ಹೇಳ್ತಿದ್ದಂಗೆ ಮಾಡ್ತೀನಿ ಮಾವ" ಎಂದು ಅಳಿಯ ಹೋಗಿ ಸ್ವಿಚ್ಚಿನ ಮೇಲೆ ಬೆರಳಿಟ್ಟು, ಓಟದ ಪಂದ್ಯದಲ್ಲಿ ಸೀಟಿಗೆ ಕಾಯುವವನ ಹಾಗೆ ನಿಂತ.

ಹೊತ್ತು ಮುಳುಗುತ್ತಿದ್ದಂತೆ ಬೀದಿ ತುಂಬತೊಡಗಿತು. ಮಕ್ಕಳು ಒಂದು ಮನೆಯಿಂದ ಇನ್ನೊಂದಕ್ಕೆ ಓಡುತ್ತ, ಯಾವ ಮನೆ ಉರಿಯಿತು, ಯಾವುದು ಇನ್ನೂ ಇಲ್ಲ ಎಂದು ವರದಿ ಒಪ್ಪಿಸುತ್ತಿದ್ದವು. ಬೇಕರಿಯವರ ಮನೆ ಕೆಂಪಗೆ ಹೊತ್ತಿಕೊಂಡು ಚಪ್ಪಾಳೆ ಗಿಟ್ಟಿಸಿತು. ಯಜಮಾನಿ ಮೆಟ್ಟಿಲು ತೊಳೆದು, ಸೀರೆ ಬದಲಿಸಿ, ಮುಂಗೈಗೆ ಕಟ್ಟಿದ್ದ ಪಿನ್ನಿನ ಪುಟ್ಟ ದಿಂಬನ್ನು ಮಾತ್ರ ಬಿಚ್ಚಲು ಮರೆತು, ಬಾಗಿಲ ಪಕ್ಕ ಕೈಕಟ್ಟಿ ನಿಂತಿದ್ದರು, ತೀರ್ಪು ಕೊಡುವವರ ಹಾಗೆ. ಟೈಲರ್ ಸ್ನಾನ ಮಾಡಿ, ಇಸ್ತ್ರಿಯ ಅಂಗಿ ತೊಟ್ಟು, ಬರಿಗಾಲಲ್ಲಿ ಒದ್ದೆ ಮೆಟ್ಟಿಲಿಗೆ ಇಳಿದರು. ಅವರ ಎದೆ ಹೊಲಿಗೆ ಯಂತ್ರದ ಹಾಗೆ ಓಡುತ್ತಿತ್ತು.

"ಅಳಿಯಂದಿರೇ, ಹಾಕಿ!"

ಒಳಗಿನಿಂದ ತಕ್ಷಣ ಉತ್ತರ ಬಂತು. "ಹಾಕೇ ಇದೆ ಮಾವ!"

ಮನೆ ಕತ್ತಲಲ್ಲೇ ಇತ್ತು.

"ಹಾಕಿ ಅಂದೆ!"

"ಹಾಕಿದೀನಿ ಮಾವ! ಗಟ್ಟಿಯಾಗೇ ಹಾಕಿದೀನಿ!"

ಬೀದಿಯಲ್ಲಿ ಯಾರೋ ಕಿಸಕ್ಕೆಂದರು. "ಗುಂಡಿ ಹೊಲಿಯೋದು ಮರೆತ್ರಾ ಟೈಲರ್?" ಎಂದರು ಬೇಕರಿಯವರು. ಟೈಲರ್ ಕಿವಿ ಬಿಸಿಯಾಯಿತು. ಪರದೆಯ ಹಿಂದೆ ಎಲ್ಲೋ ಸಡಿಲಾಗಿದೆ, ಒಂಚೂರು ಅಲ್ಲಾಡಿಸಿದರೆ ಹತ್ತಿಕೊಳ್ಳುತ್ತದೆ ಎಂದು ಕೈ ಎತ್ತಿದರು.

"ಅಪ್ಪಾ, ಮುಟ್ಬೇಡ!" ಮಗಳು ಜನರ ಮಧ್ಯದಿಂದ ಕೂಗಿದಳು. "ಆನ್ ಇರೋವಾಗ ಕೈ ಹಾಕ್ತಾರಾ ಯಾರಾದ್ರೂ? ಒಂದ್ನಿಮಿಷ." ಒಳಗಿನ ಕಡೆ ತಿರುಗಿದಳು. "ರೀ, ತೆಗೀರಿ ಅದನ್ನ!"

"ತೆಗೀಲಾ?"

"ಹೂಂ, ತೆಗೀರಿ!"

"ಪೂರ್ತಿ ತೆಗೀಲಾ?"

"ಪೂರ್ತಿ ತೆಗೀರಿ!"

"ತೆಗ್ದೆ!" ಎಂದು ಒಳಗಿನಿಂದ ಸಂಭ್ರಮದ ಕೂಗು ಬಂತು.

ಟೈಲರ್ ಬೆರಳ ತುದಿ ಪರದೆಗೆ ತಾಗುವುದಕ್ಕೂ ಇಡೀ ಮನೆ ಝಗ್ಗನೆ ಬೆಳಗುವುದಕ್ಕೂ ಸರಿಹೋಯಿತು. "ಹೋ!" ಎಂದಿತು ಬೀದಿ. "ಹ್ಹಾ!" ಎಂದರು ಟೈಲರ್. ಮರುಕ್ಷಣ ಟಕ್ ಎಂದು ಒಳಗೆ ಟ್ರಿಪ್ಪರ್ ಬಿದ್ದು ದೀಪ, ಫ್ಯಾನು, ಫ್ರಿಜ್ಜು ಎಲ್ಲ ಸತ್ತು, ಕತ್ತಲಲ್ಲಿ ಟೈಲರ್ ಮೆಟ್ಟಿಲ ಮೇಲೆ ಕುಸಿದು ಕೂತಿದ್ದರು.

ಯಜಮಾನಿ ಮುಂದಕ್ಕೆ ನುಗ್ಗಿದರು. ಮಗಳು ಅಡ್ಡ ಕೈ ಹಾಕಿ ತಡೆದಳು. "ಯಾರೂ ಮುಟ್ಬೇಡಿ! ಲೋ, ಪ್ಲಗ್ ಕಿತ್ತು ಬಿಸಾಕೋ! ಎಲ್ಲಾ ಕಿತ್ತಾಕೋ!"

ಮನೆಯಲ್ಲಿ ಗಂಡನನ್ನು ನೀನು ಎನ್ನುವವಳು, ಅಮ್ಮನ ಎದುರು ಇಷ್ಟು ದಿನ 'ರೀ' ಎಂದು ಜತನವಾಗಿ ಕಾಪಾಡಿಕೊಂಡು ಬಂದಿದ್ದಳು. ಅದು ಅಲ್ಲಿಗೆ ಮುಗಿಯಿತು. ಅಷ್ಟು ಗಾಬರಿಯಲ್ಲೂ ಯಜಮಾನಿಯ ಹುಬ್ಬು ಒಂದು ಎಳೆ ಮೇಲೇರಿದ್ದನ್ನು ಬೇಕರಿಯವರು ನೋಡಿದರು.

ಅಳಿಯ ಎರಡು ಕೈಯಲ್ಲೂ ಪ್ಲಗ್ಗು ಹಿಡಿದುಕೊಂಡು ಓಡಿಬಂದ ಮೇಲೆಯೇ ಮಗಳು ಅಪ್ಪನ ಪಕ್ಕ ಕೂತಳು. ಅವಳ ದನಿ ಬದಲಾಗಿತ್ತು. ಫೋನಿನಲ್ಲಿ ಗೊತ್ತಿಲ್ಲದವರಿಗೆ ಧೈರ್ಯ ಹೇಳುವ ನಿಧಾನದ ದನಿ. "ಅಪ್ಪ, ನನ್ನ ನೋಡು. ಎದೆ ನೋವಾ? ಉಸಿರು ಸರಿಯಾಗಿದ್ಯಾ? ಕೈ ಮಡಚು. ಬಿಚ್ಚು."

"ಏನಿಲ್ಲ ಕಣಮ್ಮ, ಒಂದು ಸಣ್ಣ..."

"ಆ ಮಾತು ಪೂರ್ತಿ ಮಾಡ್ಬೇಡ."

ನಾಡಿ ನೋಡಿದಳು, ಬೆರಳು ನೋಡಿದಳು, ಅಂಗಾಲು ನೋಡಿದಳು. ಸುಟ್ಟಿರಲಿಲ್ಲ. ಟ್ರಿಪ್ಪರ್ ಅಷ್ಟು ಬೇಗ ಬಿದ್ದಿತ್ತು. "ಬೆಳಿಗ್ಗೆ ಎದ್ದ ತಕ್ಷಣ ಡಾಕ್ಟರ ಹತ್ರ. ಎದೇಲಿ ಏನಾದ್ರೂ ಅನ್ನಿಸಿದ್ರೆ ಈಗ್ಲೇ. ಇದಕ್ಕೆ ವಾದ ಇಲ್ಲ." ಟೈಲರ್ ವಾದ ಮಾಡಲಿಲ್ಲ. ಅವರು ನೋಡುತ್ತಿದ್ದದ್ದು ಹೆಂಡತಿಯ ಮುಖವನ್ನು.

"ಮುಗೀತು," ಎಂದರು ಯಜಮಾನಿ. "ನಾನು ಹೇಳಿದ್ದೆ. ಮುಗೀತು."

"ಅತ್ತೆ, ತಪ್ಪು ನಂದು," ಎಂದ ಅಳಿಯ. "ಆದ್ರೆ ಏನು ತಪ್ಪು ಅಂತ ಗೊತ್ತಾಗ್ತಿಲ್ಲ. ಮಾವ ಹಾಕಿ ಅಂದ್ರು, ಹಾಕೇ ಇತ್ತು. ಇವಳು ತೆಗೀರಿ ಅಂದ್ಳು, ತೆಗ್ದೆ."

"ತೆಗೆದ್ರೆ ದೀಪ ಹೆಂಗೆ ಹತ್ತುತ್ತೆ?" ಎಂದಳು ಮಗಳು.

"ತೆಗೆದ್ರೆ ತಾನೆ ಹತ್ತೋದು?"

ಎಲ್ಲರೂ ಅವನನ್ನು ನೋಡಿದರು. ಅಳಿಯನ ಅಪ್ಪ ಊರಿಗೆ ನೀರು ಬಿಡುವ ಕೆಲಸದಲ್ಲಿದ್ದವರು. ಈಗ ಅಳಿಯನೂ ಅದೇ ಪಂಪ್‌ಹೌಸಿನಲ್ಲಿ. ಹುಟ್ಟಿದಾಗಿನಿಂದ ಅವನು ಕೇಳಿದ್ದು ವಾಲ್ವಿನ ಭಾಷೆ.

"ವಾಲ್ವ್ ತೆಗಿ ಅಂದ್ರೆ ನೀರು ಬರುತ್ತೆ. ನಲ್ಲಿ ತೆಗಿ ಅಂದ್ರೆ ನೀರು ಬರುತ್ತೆ. ವಾಲ್ವ್ ಹಾಕು ಅಂದ್ರೆ ನಿಲ್ಲುತ್ತೆ. ಹರಿಯೋದಕ್ಕೆಲ್ಲ ನಮ್ಮನೇಲಿ ಹಂಗೇ ಅನ್ನೋದು. ಕರೆಂಟೂ ಹರಿಯೋದೇ ಅಲ್ವಾ ಮಾವ?"

"ಸ್ವಿಚ್ ತೆಗಿ ಅಂದ್ರೆ ಆರ್ಸು ಅಂತ ಕಣ್ರೀ!" ಟೈಲರ್ ಕೂತಲ್ಲಿಂದಲೇ ಎಂದರು. "ಹೊಲಿಗೆ ತೆಗಿ ಅಂದ್ರೆ ಬಿಚ್ಚು ಅಂತ. ತೆಗೆಯೋದು ಅಂದ್ರೆ ಇರೋದನ್ನ ಇಲ್ಲ ಮಾಡೋದು."

"ಬಾಗಿಲು ತೆಗಿ ಅಂದ್ರೆ?" ಎಂದರು ಬೇಕರಿಯವರು, ಕರೆಯದೆ ಬಂದು.

"ಅದು ಬೇರೆ."

"ಬಾಗಿಲು ಹಾಕು ಅಂದ್ರೆ ಮುಚ್ಚೋದು, ದೀಪ ಹಾಕು ಅಂದ್ರೆ ಹಚ್ಚೋದು. ಹುಡುಗ ಹೇಳೋದ್ರಲ್ಲಿ ಏನು ತಪ್ಪಿದೆ ಟೈಲರ್? ನಮ್ಮ ಮಾತೇ ಎಡವಟ್ಟು."

ಮಗಳು ಗಂಡನನ್ನೇ ದಿಟ್ಟಿಸುತ್ತಿದ್ದಳು. "ಹಂಗಾದ್ರೆ ದಿನಾ ರಾತ್ರಿ ನಾನು ಲೈಟ್ ಹಾಕು ಅಂದಾಗೆಲ್ಲ ನೀನು ಆರಿಸ್ತಿದ್ದಿದ್ದು ಇದಕ್ಕಾ?"

"ಮತ್ತೆ? ಹಾಕು ಅಂದ್ಯಲ್ಲ ಅಂತ."

"ನಾನು ಬೇರೇನೋ ಅಂದ್ಕೊಂಡಿದ್ದೆ."

ಟೈಲರ್ ಆಕಾಶದ ಕಡೆ ನೋಡಿದರು. ಬೇಕರಿಯವರಿಗೆ ಕೆಮ್ಮು ಬಂತು. ಮೊದಲು ನಕ್ಕದ್ದು ಯಾರೋ ಗೊತ್ತಿಲ್ಲ. ಆಮೇಲೆ ನಗದೆ ಉಳಿದವರು ಯಜಮಾನಿ ಒಬ್ಬರೇ.

"ನಗೋದಾದ್ರೆ ನಕ್ಕೊಳಿ," ಎಂದರು ಅವರು. "ನಾನು ಹೇಳಿದ್ದು ಹೇಳಿದ್ದೇ."

ಟೈಲರ್ ಮುಖದ ನಗು ಅರ್ಧದಲ್ಲೇ ನಿಂತಿತು.

ಕಿವಿಯವರೆಗೆ ಕೆಂಪಾಗಿದ್ದ ಮಗಳಿಗೆ ವಿಷಯ ಬದಲಿಸುವ ಅಗತ್ಯ ಎಲ್ಲರಿಗಿಂತ ಹೆಚ್ಚಾಗಿತ್ತು. "ಒಂದ್ನಿಮಿಷ. ಮಾತು ತಪ್ಪಾಗಿ ಕರೆಂಟ್ ಬಂತು, ಸರಿ. ಬಂದ ಕರೆಂಟ್ ವೈರಿನೊಳಗೆ ತಾನೆ ಇರ್ಬೇಕು? ಹೊಸ ವೈರು, ನಾನೇ ಉರಿಸಿ ನೋಡಿದ್ದು. ಅಪ್ಪ ಮುಟ್ಟಿದ್ದು ಬಟ್ಟೆ. ಬಟ್ಟೆಗೆ ಹೆಂಗೆ ಬಂತು?"

ಇದು ಯಾರಿಗೂ ಹೊಳೆದಿರಲಿಲ್ಲ. ಮಗಳು ಆ ಸರದ ಪ್ಲಗ್ಗನ್ನು ಗಂಡನಿಂದ ಕಿತ್ತುಕೊಂಡು, ಎಲ್ಲರಿಗೂ ಕಾಣುವಂತೆ, ಸಿಕ್ಕಿಬಿದ್ದ ಇಲಿಯ ಬಾಲ ಹಿಡಿದ ಹಾಗೆ ಎತ್ತಿ ಹಿಡಿದಳು. "ಇದು ನನ್ನ ಕೈಲಿರೋ ತನಕ ಹೆದರಿಕೆ ಇಲ್ಲ. ಹಾಕು ತೆಗಿ ಯಾವುದೂ ಬೇಡ, ಇದನ್ನ ಕಣ್ಣಲ್ಲಿ ನೋಡಿ. ಅಪ್ಪ, ಚಪ್ಪಲಿ ಮೆಟ್ಕೊಂಡು ಹುಡುಕು."

ಅಳಿಯ ಫೋನಿನ ಟಾರ್ಚು ಬಿಟ್ಟ. ಟೈಲರ್ ಪರದೆಯನ್ನು ಮಗುಚಿ, ಸರದ ಮೇಲೆ ಹೆಬ್ಬೆರಳು ಸರಿಸುತ್ತ ಹೋದರು, ಪ್ಯಾಂಟಿನ ಹೊಲಿಗೆ ಪರೀಕ್ಷಿಸುವ ಹಾಗೆ. ಎಡಮೂಲೆಯ ಹತ್ತಿರ ಹೆಬ್ಬೆರಳು ನಿಂತಿತು. ಅಲ್ಲಿ ಜರಿಯ ಒಂದು ಮಡಿಕೆಯನ್ನು ಮೇಲೆತ್ತಿ, ಅಚ್ಚುಕಟ್ಟಾಗಿ, ಕಾಣದ ಹಾಗೆ, ಪಿನ್ನು ಚುಚ್ಚಿತ್ತು. ಬಟ್ಟೆಯಿಂದ ಒಳಹೊಕ್ಕ ಪಿನ್ನು ವೈರಿನ ಹೊಟ್ಟೆಯಲ್ಲಿ ಹಾದುಹೋಗಿತ್ತು. ಅದರ ತಲೆ ಮುತ್ತಿನ ಮಣಿ.

ಟೈಲರ್ ಬಳಸುವುದು ಬೋಳು ತಲೆಯ ಪಿನ್ನು. ಮುತ್ತಿನ ತಲೆಯದನ್ನು ಆ ಅಂಗಡಿಯಲ್ಲಿ ಬಳಸುವವರು ಒಬ್ಬರೇ: ಅಂಚು ಮಡಿಸುವ, ಹುಕ್ಕು ಹಾಕುವ, ಯಾವ ಲಂಗ ಯಾವ ಕಡೆ ಒಂದು ಎಳೆ ಇಳಿದಿದ್ದರೂ ಬೀದಿಯ ಆ ತುದಿಯಿಂದಲೇ ಕಂಡುಹಿಡಿಯುವ ಯಜಮಾನಿ.

ಟೈಲರ್‌ಗೆ ಎಲ್ಲ ಒಟ್ಟಿಗೆ ಅರ್ಥವಾಯಿತು. ತಾವು ಸ್ನಾನಕ್ಕೆ ಹೋದಾಗ ಪರದೆಯ ಎಡಗಡೆ ಇಳಿದಿತ್ತು, ಬಂದಾಗ ಸರಿಯಾಗಿತ್ತು, ನೋಡಿಯೂ ನೋಡದ ಹಾಗೆ ಸಂತೋಷಪಟ್ಟಿದ್ದರು. ಈ ಪಿನ್ನು ಎತ್ತಿ ಹಿಡಿದರೆ ಸಾಕು, ಹೆಂಡತಿಯ ಕಾನೂನು ಅಲ್ಲೇ ಬಿದ್ದುಹೋಗುತ್ತಿತ್ತು. ಪಿನ್ನು ಕಿತ್ತು ತಿರುಗಿದರು. ಯಜಮಾನಿ ಕಂಬಕ್ಕೆ ಒರಗಿ, ಸೀರೆಯ ಸೆರಗನ್ನು ಬಾಯಿಗೆ ಒತ್ತಿ ನಿಂತಿದ್ದರು. ಮುಂಗೈ ಮೇಲಿನ ಪುಟ್ಟ ದಿಂಬಿನಲ್ಲಿ ಮುತ್ತಿನ ತಲೆಗಳು ಸಾಲಾಗಿ ಕಾಣುತ್ತಿದ್ದವು. ಅವರಿಗೆ ಇನ್ನೂ ಏನೂ ಗೊತ್ತಿರಲಿಲ್ಲ. ಬೀದಿಗೆ ಬೀದಿಯೇ ಎದುರಿಗಿತ್ತು, ಹೊಸ ಅಳಿಯನೂ.

ಟೈಲರ್ ಪಿನ್ನನ್ನು ತುಟಿಗಳ ನಡುವೆ ಸಿಕ್ಕಿಸಿಕೊಂಡು ಬಾಯಿ ಮುಚ್ಚಿದರು. ಟೈಲರ್ ಬಾಯಲ್ಲಿ ಪಿನ್ನಿದ್ದರೆ ಯಾರು ಗಮನಿಸುತ್ತಾರೆ?

"ಏನಾದ್ರೂ ಸಿಕ್ತಾ ಅಪ್ಪ?"

"ಉಂಹೂಂ."

"ಮತ್ತೆ ಬಟ್ಟೆಗೆ ಹೆಂಗೆ ಬಂತು?"

"ನಂದೇ ತಹ್ಹು."

"ಏನು?"

"ನಂದೇ ತಹ್ಹು! ನಾನೇ ಸರಿಯಾಗಿ ಕಟ್ಟಿಲ್ಲ."

"ನಂದೇ ತಪ್ಪು ಅಂತಿದಾರೆ," ಎಂದರು ಯಜಮಾನಿ, ಅಭ್ಯಾಸಬಲದಿಂದ. ಪಿನ್ನು ಕಚ್ಚಿಕೊಂಡ ಗಂಡನ ಮಾತನ್ನು ಗಿರಾಕಿಗಳಿಗೆ ಬಿಡಿಸಿ ಹೇಳುವುದು ಮದುವೆಯಾದಂದಿನಿಂದ ಅವರದೇ ಕೆಲಸ. ಹೇಳಿದ ಮೇಲೆ, ತಾವೇ ಹೇಳಿದ ಮಾತು ತಮಗೇ ಕೇಳಿಸಿತು. ಸೆರಗು ಕೆಳಗಿಳಿಯಿತು.

"ನಂದೇ ತಪ್ಪು ಅಂತ ಇವರು ಯಾವತ್ತಾದ್ರೂ ಅಂದಿದ್ದುಂಟಾ? ಕೋಟು ಸುಟ್ಟಾಗ್ಲೂ ಬಾಕ್ಸಿನ ಕಂಪನಿದು ತಪ್ಪು ಅಂದೋರು." ಹತ್ತಿರ ಬಂದರು. "ಬಾಯಲ್ಲೇನು?"

"ಏನಿಲ್ಲ."

"ಪಿನ್ನಿನ ಡಬ್ಬಿಗೆ ಬೆಳಿಗ್ಗೆನೇ ಬೀಗ ಹಾಕಿದ್ರಲ್ಲ. ಬಾಯಿ ತೆಗೀರಿ."

ಅಳಿಯ ಗೊಂದಲದಿಂದ ಹೆಂಡತಿಯ ಕಡೆ ನೋಡಿದ. "ಇದು ತೆಗೆಯೋದೇ," ಎಂದಳು ಅವಳು ಪಿಸುದನಿಯಲ್ಲಿ.

ಟೈಲರ್ ಬಾಯಿ ತೆಗೆದರು. ಯಜಮಾನಿ ಎರಡು ಬೆರಳಲ್ಲಿ ಪಿನ್ನು ಎತ್ತಿಕೊಂಡು ಟಾರ್ಚಿನ ಬೆಳಕಿಗೆ ಹಿಡಿದರು. ಮುತ್ತಿನ ತಲೆ ಹೊಳೆಯಿತು. ತಮ್ಮ ಮುಂಗೈ ನೋಡಿಕೊಂಡರು.

"ಇಳಿದಿತ್ತು," ಎಂದರು ಕೊನೆಗೆ. "ಎಡಗಡೆ ಒಂದು ಬೆರಳು ಇಳಿದಿತ್ತು. ಅಷ್ಟು ಜನ ಬಂದು ನೋಡ್ತಾರೆ. ನಂಗೆ ನೋಡೋಕಾಗ್ಲಿಲ್ಲ."

ಗಂಡನ ಪಕ್ಕ ಮೆಟ್ಟಿಲ ಮೇಲೆ ಕೂತು ಅವರ ಬಲಗೈಯನ್ನು ಎಳೆದುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿದರು. "ಯಾವುದಕ್ಕೆ ಹೊಡೀತು? ಇದಕ್ಕಾ?"

"ಹೂಂ. ಈಗೇನಿಲ್ಲ."

"ಹೇಳ್ಬಾರ್ದಿತ್ತಾ ನನ್ನ ಪಿನ್ನು ಅಂತ?"

"ನೀನು ಚೆನ್ನಾಗೇ ಚುಚ್ಚಿದ್ದೆ," ಎಂದರು ಟೈಲರ್. "ಮಡಿಕೆ ಕಾಣ್ತಾನೇ ಇರ್ಲಿಲ್ಲ."

ಮಗಳು ಗಂಟಲು ಸರಿಮಾಡಿಕೊಂಡಳು. "ಅಮ್ಮ, ಹಂಗಾದ್ರೆ ಆ ನಿನ್ನ ಕಾನೂನು..."

"ನಾನು ಹೇಳಿದ್ದು ಇವರಿಂದ ಏನಾದ್ರೂ ಆದ್ರೆ ಅಂತ."

"ಯಾರಿಂದ ಅಂತ ನೀನು ಹೇಳೇ ಇರ್ಲಿಲ್ಲ," ಎಂದಳು ಮಗಳು.

"ನೀನು ಸುಮ್ನಿರಮ್ಮ," ಎಂದರು ಟೈಲರ್ ಅವಸರದಿಂದ. "ನನ್ನಿಂದ ಅಂತಲೇ ಹೇಳಿದ್ದು. ನಂಗೆ ಚೆನ್ನಾಗಿ ನೆನಪಿದೆ."

ಯಜಮಾನಿ ಯಾರ ಮಾತನ್ನೂ ಒಪ್ಪಿಕೊಳ್ಳಲಿಲ್ಲ, ಅಲ್ಲಗಳೆಯಲೂ ಇಲ್ಲ. ಎದ್ದು ಸೀರೆ ಕೊಡವಿದರು. "ಜನ ನಿಂತಿದಾರೆ. ಇವತ್ತಿನದ್ದು ಇವತ್ತು ಮುಗಿಸಿ. ಮಿಕ್ಕಿದ್ದು ಆಮೇಲೆ ನೋಡೋಣ."

ಆಮೇಲೆ ನೋಡೋಣ ಎಂದರೆ ಏನೂ ಆಗಬಹುದು. ಟೈಲರ್‌ಗೆ ಅದು ಗೊತ್ತಿತ್ತು. ಆದರೂ ಎದ್ದರು. ತೂತಾದ ವೈರನ್ನು ಟೇಪು ಸುತ್ತಿ ಉಳಿಸಿಕೊಳ್ಳೋಣ ಎಂದು ಅವರು ಬಾಯಿಬಿಡುವ ಮೊದಲೇ ಮಗಳು ಆ ಸರವನ್ನು ಕತ್ತರಿಸಿ ಎರಡು ಮಾಡಿದ್ದಳು. ಜರಿ ಪರದೆ ಇಳಿಯಿತು. ಲೋಹದ ಎಳೆಯನ್ನು ವೈರಿನ ಹತ್ತಿರ ತರುವುದೇ ಬೇಡವೆಂಬುದೂ ಅವಳದೇ ಆಜ್ಞೆ. ಅದನ್ನು ಮಡಿಸಿಡುವಾಗ ಟೈಲರ್ ಕೈ ಒಂದು ಕ್ಷಣ ಹೆಚ್ಚಾಗಿಯೇ ನಿಂತಿತು. ಉಳಿದ ಸರಗಳನ್ನೆಲ್ಲ ಅಪ್ಪ, ಅಮ್ಮ, ಅಳಿಯ ಮೂವರೂ ಟಾರ್ಚು ಹಿಡಿದು ತುದಿಯಿಂದ ತುದಿಗೆ ಬೆರಳಾಡಿಸಿ ನೋಡಿದರು. ಬೇರೆ ಪಿನ್ನು ಇರಲಿಲ್ಲ. ಯಜಮಾನಿಯನ್ನು ಕೇಳಿದರು, ಅವರು ಇಲ್ಲ ಎಂದರು, ಆದರೂ ಇನ್ನೊಮ್ಮೆ ನೋಡಿದರು. ಅಳಿಯ ಟ್ರಿಪ್ಪರ್ ಎತ್ತಿ, ಪ್ಲಗ್ಗುಗಳನ್ನು ಮತ್ತೆ ಚುಚ್ಚಿ, ಸ್ವಿಚ್ಚಿನ ಹತ್ತಿರ ನಿಂತ.

"ಇವತ್ತಿಂದ ಈ ಮನೇಲಿ ಎರಡೇ ಮಾತು," ಎಂದಳು ಮಗಳು. "ಉರ್ಸು. ಆರ್ಸು. ಬೇರೆ ಯಾರಾದ್ರೂ ಏನಾದ್ರೂ ಅಂದ್ರೆ ಕೇಳಿಸ್ಕೋಬೇಡಿ. ಎಲ್ರೂ ದೂರ ಬಂದ್ರಾ? ಈಗ ಉರ್ಸು!"

"ಉರ್ಸಿದೆ!" ಎಂದು ಅಳಿಯ ಒಳಗಿನಿಂದ ಕೂಗಿ, ತಾನೂ ನೋಡಬೇಕೆಂದು ಹೊರಗೆ ಓಡಿಬಂದ.

ಮೊದಲು ಕಿಟಕಿಗಳು ಎದ್ದು ನಿಂತವು. ಆಮೇಲೆ ಗೋಡೆಯ ಉದ್ದಕ್ಕೆ ಬೆಳಕಿನ ಹೊಲಿಗೆ ಓಡಿತು, ಒಂದೇ ಸಮನೆ, ಎಲ್ಲೂ ಸುಕ್ಕಿಲ್ಲದೆ. ಬಾಗಿಲ ಎರಡೂ ಬದಿ ಗುಂಡಿಗಳ ಸಾಲು, ಮಹಡಿಯ ಕಟ್ಟೆಯ ಮೇಲೆ ನೀಲಿಯ ಅಂಚು. ಬೀದಿ ಹೋ ಎಂದಿತು, ಈ ಸಲ ನಿಲ್ಲಿಸಲೇ ಇಲ್ಲ. ಮಕ್ಕಳು ಕುಣಿದವು. ಬೇಕರಿಯವರು ತಮ್ಮ ಮನೆಯನ್ನು ಒಮ್ಮೆ, ಇದನ್ನು ಒಮ್ಮೆ ನೋಡಿ, "ಬನಿಯನ್ನೇ," ಎಂದು ಒಪ್ಪಿಕೊಂಡರು. "ಟೈಲರ್! ಟೈಲರ್!" ಎಂದು ಯಾರೋ ಶುರು ಮಾಡಿದ್ದನ್ನು ಎಲ್ಲರೂ ಹಿಡಿದುಕೊಂಡರು. ಟೈಲರ್ ಬೀದಿಯ ನಡುವೆ ನಿಂತಿದ್ದರು. ಇದು ಕೊನೆಯದಾದರೂ ಆಗಲಿ ಎಂದುಕೊಳ್ಳಲು ಪ್ರಯತ್ನಪಟ್ಟರು. ಆಗಲಿಲ್ಲ.

ಯಜಮಾನಿ ಬಂದು ಅವರ ಪಕ್ಕ ನಿಂತರು. ತಲೆ ಎಡಕ್ಕೆ ವಾಲಿಸಿದರು, ಬಲಕ್ಕೆ ವಾಲಿಸಿದರು, ಎರಡು ಹೆಜ್ಜೆ ಹಿಂದೆ ಹೋಗಿ ಕಣ್ಣು ಕಿರಿದು ಮಾಡಿದರು.

"ಬಾಗಿಲ ಮೇಲೆ ಬೋಳು."

"ಪರದೆ ಇಳಿಸಿದ್ವಲ್ಲ," ಎಂದರು ಟೈಲರ್.

"ಕಾಲರ್ ಇಲ್ಲದ ಅಂಗಿ ಥರ ಕಾಣ್ತಿದೆ. ಹಿಂಗೆ ಬಿಡೋಕಾಗುತ್ತಾ? ಮುಂದಿನ ವರ್ಷ ಜರಿ ಬೇಡ. ಕಾಟನ್ನೇ ಹಾಕಿ, ಹಳದಿದು. ದೀಪದಿಂದ ದೂರ ಇರ್ಲಿ. ನೆರಿಗೆ ನಾನು ಹಿಡೀತೀನಿ, ದಾರದಲ್ಲಿ."

ಮುಂದಿನ ವರ್ಷ. ಟೈಲರ್ ತಿರುಗಿ ನೋಡಲಿಲ್ಲ. ಜೋರಾಗಿ ಉಸಿರು ಬಿಟ್ಟರೂ ಆ ಮಾತು ಬೆದರಿ ಹಾರಿಹೋದೀತು ಎಂಬಂತೆ, ದೀಪಗಳ ಮೇಲೆ ಕಣ್ಣಿಟ್ಟುಕೊಂಡೇ, ದೊಡ್ಡ ಗಿರಾಕಿಯನ್ನು ಕೇಳುವ ದನಿಯಲ್ಲಿ ಮೆಲ್ಲಗೆ ಕೇಳಿದರು.

"ಉದ್ದ ಎಷ್ಟಿರಬೇಕು?"

"ಅದನ್ನೂ ನಾನೇ ಹೇಳ್ಬೇಕಾ?" ಎಂದರು ಯಜಮಾನಿ. "ಈ ಮನೇಲಿ ಟೈಲರ್ ಯಾರು?"